ಕೋಡು ನೋಡಿ ತಂದ ಗಾಡಿ

ಇವರಿಗೆ,
ಮಾನ್ಯ ಮುಖ್ಯಸ್ಥರು, ಅಂದಚೆಂದದ ವಿಭಾಗ,
ಹಳೆಯ ಚೆಹರೆಯ ಹೊಸ ಮೋಟರ್‌ಸೈಕಲ್ ತಯಾರಿಸುವ ಕಂಪನಿ.

ಮಾನ್ಯರೇ,

ಅಂಕಲಿಯಿಂದ ಜಕ್ಕಪ್ಪ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ಎರಡೂ ಕೈ ಜೋಡಿಸಿದ್ದೇನೆ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು, ಏಕೆಂದರೆ ಈಚೆಗೆ ನನ್ನ ಎರಡೂ ಕೈಗಳು ಒಟ್ಟಿಗೆ ಖಾಲಿ ಸಿಗುವುದು ಅಪರೂಪವಾಗಿದೆ. ಇತ್ತ ಕಬ್ಬು ಎದೆಮಟ್ಟ ಬಂದಿದೆ, ಕೃಷ್ಣೆಯಲ್ಲಿ ನೀರಿದೆ, ನಮ್ಮ ಎಮ್ಮೆಗಳೆರಡೂ ಕ್ಷೇಮ, ತಮ್ಮ ಕಂಪನಿಯ ಗಾಡಿಯೂ ಅಂಗಳದಲ್ಲಿ ಹೊಳೆಯುತ್ತ ನಿಂತಿದೆ. ಅತ್ತ ತಾವೂ ತಮ್ಮ ಸಿಬ್ಬಂದಿಯವರೂ ಅಗಲವಾದ, ಮೆತ್ತಗಿನ, ಬೆನ್ನಿಗೆ ಆಸರೆಯುಳ್ಳ ಕುರ್ಚಿಗಳ ಮೇಲೆ ಸುಖವಾಗಿ ಕುಳಿತಿದ್ದೀರೆಂದು ನಂಬಿದ್ದೇನೆ. ಕುರ್ಚಿಯ ಮಾತು ಏಕೆ ಬಂತೆಂಬುದನ್ನು ಮುಂದೆ ವಿವರಿಸುತ್ತೇನೆ.

ಹೋದ ತಿಂಗಳು ತಮ್ಮ ಕಂಪನಿಯಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿ, ಬಹಳ ಸವಿಯಾದ ಹಿಂದಿಯಲ್ಲಿ, ಗಾಡಿಯ ಅಂದಕ್ಕೂ ಆಕರ್ಷಣೆಗೂ ಒಂದರಿಂದ ಐದರೊಳಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದರು. ಇಂಥ ಪ್ರಶ್ನೆಗೆ ತಟ್ಟನೆ ಉತ್ತರ ಕೊಡುವುದು ನನ್ನ ಕಸುಬಿಗೆ ಶೋಭೆಯಲ್ಲ. ಆದ್ದರಿಂದ ನಾನು ಕೋಡಿನಿಂದ ಶುರುಮಾಡಿ ಕ್ರಮವಾಗಿ ಹೇಳತೊಡಗಿದೆ. ಇನ್ನೂ ಕೋಡಿನ ತುದಿಗೆ ಬಂದಿರಲಿಲ್ಲ, ಅಷ್ಟರಲ್ಲಿ ಅವರು ಧನ್ಯವಾದ ಹೇಳಿ ಫೋನು ಇಟ್ಟರು. ಉಳಿದ ಮಾತುಗಳು ಅಂದಿನಿಂದ ಹೊಟ್ಟೆಯಲ್ಲೇ ಕುಳಿತಿರುವುದರಿಂದ ಈ ಬಹಿರಂಗ ಪತ್ರವನ್ನು ಬರೆಯಬೇಕಾಗಿದೆ.

ನಾನು ಯಾರೆಂಬುದು ತಮಗೆ ತಿಳಿದಿರಬೇಕು. ಈ ಭಾಗದ ದನದ ಪೇಟೆಗಳಲ್ಲಿ ಮೂವತ್ತೊಂದು ವರ್ಷ ಚೀಟಿ ಬರೆದವನು ನಾನು. ಎತ್ತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಅದರ ಬಣ್ಣ, ಕೋಡು, ಹಲ್ಲು, ಸುಳಿ, ಬಾಲ, ನಡಿಗೆ ಎಲ್ಲವನ್ನೂ ಬರೆದು, ಕೊನೆಯಲ್ಲಿ ಮಾಲೀಕರ ಹೆಸರು ಹಾಕಿ ಸಹಿ ಮಾಡಿ ಕೊಡಬೇಕು. ನಾಳೆ ಯಾರಾದರೂ ಬಂದು ಇದು ನನ್ನ ಎತ್ತು ಎಂದು ತಕರಾರು ತೆಗೆದರೆ ಆ ಚೀಟಿಯೇ ಸಾಕ್ಷಿ. ಬರೆಯುತ್ತ ಬರೆಯುತ್ತ ಕಣ್ಣು ಪಳಗಿತು. ಈಗ ನಿಪ್ಪಾಣಿಯಿಂದ ಅಥಣಿಯವರೆಗೆ ಕಿಲಾರಿ ತಳಿಯ ಹೋರಿ ಕೊಳ್ಳುವವರು “ಒಮ್ಮಿ ಜಕ್ಕಪ್ಪಗ ತೋರ್ಸೂಣು” ಎನ್ನದೆ ಹಗ್ಗಕ್ಕೆ ಕೈ ಹಚ್ಚುವುದಿಲ್ಲ. ನಾನು ಒಪ್ಪಿದ ಪ್ರಾಣಿ ನೊಗ ಹೊರಿಸಿದಾಗ ಮಲಗಿದ ಉದಾಹರಣೆ ಇಲ್ಲ. ಎಲ್ಲಿಯಾದರೂ ಮಲಗಿದ್ದರೆ ಆ ಚೀಟಿಯಲ್ಲಿ ನನ್ನ ಸಹಿ ಇರಲಿಕ್ಕಿಲ್ಲ.

ಇನ್ನು ನನ್ನ ಧರ್ಮಪತ್ನಿ ದುಂಡವ್ವನ ಪರಿಚಯ. ಅವಳ ಬಳಿ ಹದಿನಾಲ್ಕು ವರ್ಷ ಹಳೆಯದಾದ ಒಂದು ಮೊಪೆಡ್ ಇತ್ತು. ಎರಡು ಎಮ್ಮೆಗಳ ಹಾಲನ್ನು ಎರಡು ಕ್ಯಾನುಗಳಲ್ಲಿ ತುಂಬಿ, ಎಡಕ್ಕೊಂದು ಬಲಕ್ಕೊಂದು ತೂಗುಹಾಕಿ, ಸೆರಗು ಸೊಂಟಕ್ಕೆ ಬಿಗಿದು, ದಿನಕ್ಕೆರಡು ಸಲ ಡೇರಿಗೆ ಹೋಗಿಬರುತ್ತಿದ್ದಳು. ಡೇರಿಯಿರಲಿ, ಹಿಟ್ಟಿನ ಗಿರಣಿಯಿರಲಿ, ಸಂತೆಯಿರಲಿ, ತನ್ನನ್ನು ಬಿಟ್ಟು ಬನ್ನಿ ಎಂದು ಅವಳು ನನ್ನನ್ನು ಕೇಳಿದ್ದು ನೆನಪಿಲ್ಲ. ಗಾಡಿ ಅವಳದು, ಕಾಗದದ ಮೇಲಿನ ಹೆಸರು ಮಾತ್ರ ನನ್ನದು. ಕೊಳ್ಳುವ ದಿನ ಅಂಗಡಿಯವರು ಗಂಡನ ಕಾಗದಪತ್ರ ಕೇಳಿದ್ದರು, ಕೊಟ್ಟಿದ್ದೆವು, ಆಮೇಲೆ ಅದರ ಬಗ್ಗೆ ಇಬ್ಬರೂ ಯೋಚಿಸಿರಲಿಲ್ಲ.

ಒಂದು ದಿನ ದುಂಡವ್ವ ಅದರ ಹಿಂದಿನ ಟೈರು ಸವೆದಿದೆ, ಬದಲಿಸಿಕೊಂಡು ಬನ್ನಿ ಎಂದು ನನ್ನ ಕೈಗೆ ಕೊಟ್ಟು ಕಳಿಸಿದಳು. ನಿಪ್ಪಾಣಿಯಲ್ಲಿ ಒಂದು ಹೋರಿ ನೋಡುವುದೂ ಇತ್ತು, ಹೋದೆ. ಟೈರಿನ ಅಂಗಡಿಯ ಪಕ್ಕದಲ್ಲೇ ತಮ್ಮ ಗಾಡಿ ಮಾರುವ ಶೋರೂಮು. ಟೈರು ಹಾಕುವವರೆಗೆ ನೆರಳಿಗೆಂದು ಒಳಗೆ ಕಾಲಿಟ್ಟವನು ಸದರಿ ಗಾಡಿಯ ಎದುರು ಬಂದು ನಿಂತೆ. ನಿಂತವನು ಒಂದೂಕಾಲು ತಾಸು ಅಲ್ಲಾಡಲಿಲ್ಲ.

ಅಲ್ಲಿಯೇ ಮನಸ್ಸಿನೊಳಗೆ ಅದರ ಚೀಟಿ ಬರೆದೆ. ಬಣ್ಣ ಕಪ್ಪು, ಹೊಟ್ಟೆಯ ಕೆಳಗೆಲ್ಲ ಬೆಳ್ಳಿ. ಕೋಡು, ಎಂದರೆ ತಾವು ಹ್ಯಾಂಡಲ್ ಎನ್ನುವುದು, ಬುಡದಿಂದ ಅಗಲವಾಗಿ ಎದ್ದು, ಗಂಭೀರವಾಗಿ ಹಿಂದಕ್ಕೆ ಬಾಗಿ, ತುದಿಯಲ್ಲಿ ಎರಡೂ ಸಮ. ಒಂದು ಕೋಡು ಬೆರಳಗಲ ತಗ್ಗಿದ್ದರೂ ನನ್ನ ಕಣ್ಣು ತಪ್ಪಿಸಲಾರದು, ತಗ್ಗಿರಲಿಲ್ಲ. ಕಣ್ಣು ಒಂದೇ ಆದರೂ ದುಂಡಗೆ, ದೊಡ್ಡದಾಗಿ, ಅಂಜಿಕೆಯಿಲ್ಲದ್ದು. ಪೆಟ್ರೋಲ್ ಟ್ಯಾಂಕು ಎಳೆಯ ಹೋರಿಯ ಹೆಗಲ ಮೇಲಿನ ಹಿಣಿಲಿನಂತೆ ಮುಂದೆ ಉಬ್ಬಿ ಹಿಂದೆ ಇಳಿದದ್ದು. ಉದ್ದ ಸಾಕಷ್ಟು, ಎತ್ತರ ಕಡಿಮೆ, ನೆಲ ಬಿಟ್ಟುಕೊಡದ ನಿಲುವು. ದನಿಯಂತೂ ಹೊಟ್ಟೆಯಾಳದಿಂದ ಬಂದದ್ದು, ಗಂಟಲಿನದಲ್ಲ. ಮೂವತ್ತೊಂದು ವರ್ಷಗಳಲ್ಲಿ ಇಷ್ಟು ದೋಷವಿಲ್ಲದ ಚೀಟಿಯನ್ನು ನಾನು ಬರೆದಿರಲಿಲ್ಲ.

ಶೋರೂಮಿನಲ್ಲಿ ಗಾಡಿ ಮಾರುವ ರೋಹನ ಎಂಬವರು ನಿಪ್ಪಾಣಿಯವರು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಬಹಳ ವಿನಯದಿಂದ ಮಾತನಾಡುತ್ತಾರೆ. “ಕಾಕಾ, ಇದಕ್ಕ ರೆಟ್ರೋ ಅಂತಾರ್ರಿ. ಮಾಲ ಹೊಸಾದು, ಕಾಣೂದು ಹಳೇದು. ಗಾಡಿ ನಾಹೀ ಕಾಕಾ, ರುಬಾಬ ಐತಿ, ಗತ್ತು ಐತಿ” ಎಂದರು. ಇದನ್ನು ಕೇಳಿ ತಮ್ಮ ವಿಭಾಗದ ಬಗ್ಗೆ ನನ್ನ ಗೌರವ ಇಮ್ಮಡಿಯಾಯಿತು. ನಮ್ಮ ಪೇಟೆಯಲ್ಲಿ ಮುದಿ ಎತ್ತಿನ ಕೋಡು ಹೆರೆದು, ಎಣ್ಣೆ ಹಚ್ಚಿ, ಎಳೆಯದೆಂದು ತೋರಿಸುವ ಜಾಣರನ್ನು ಬೇಕಾದಷ್ಟು ಕಂಡಿದ್ದೇನೆ, ಹಲವರನ್ನು ಹಿಡಿದೂ ಕೊಟ್ಟಿದ್ದೇನೆ. ಆದರೆ ಎಳೆಯದನ್ನು ಮುದಿಯೆಂದು ತೋರಿಸಿ ಅದಕ್ಕಾಗಿಯೇ ಹೆಚ್ಚು ಬೆಲೆ ತೆಗೆದುಕೊಳ್ಳುವ ವಿದ್ಯೆ ನಮ್ಮ ಯಾವ ದಲಾಲಿಗೂ ಹೊಳೆದಿರಲಿಲ್ಲ. ಅವರ ಪರವಾಗಿ ತಮಗೆ ಅಭಿನಂದನೆ ಸಲ್ಲಿಸುತ್ತೇನೆ.

ಮುಂದಿನ ವಾರ, ಹೊಸ ಟೈರು ಎಲ್ಲೋ ತಿಕ್ಕುತ್ತಿದೆ, ತೋರಿಸಿಕೊಂಡು ಬರುತ್ತೇನೆ ಎಂದು ದುಂಡವ್ವನಿಗೆ ಹೇಳಿ ಮೊಪೆಡ್ ಹೊರಡಿಸಿದೆ. ಟೈರು ಎಲ್ಲಿಯೂ ತಿಕ್ಕುತ್ತಿರಲಿಲ್ಲ. ಹಳೆಯ ಗಾಡಿ ಕೊಟ್ಟರೆ ಹೊಸದು ಬೇಗ ಕೈಗೆ ಬರುತ್ತದೆಂದು ರೋಹನ ಹೇಳಿದ್ದರು, ಕಾಗದದಲ್ಲಿ ನನ್ನ ಹೆಸರಿತ್ತು, ಸಹಿ ಹಾಕಿದೆ. ಈ ಒಂದು ವಿಷಯದಲ್ಲಿ ತಮ್ಮ ಕಂಪನಿಯನ್ನು ದೂರಲು ನನಗೆ ದಾರಿಯಿಲ್ಲ. ಬಹಳ ಹುಡುಕಿದೆ, ಸಿಗಲಿಲ್ಲ.

ಅಂಕಲಿಗೆ ಬಂದು ಇಳಿದಾಗ ತಮ್ಮ ಗಾಡಿಗೆ ದೊರೆತ ಸ್ವಾಗತವನ್ನು ತಾವು ಕಣ್ಣಾರೆ ನೋಡಬೇಕಿತ್ತು. ಕಬ್ಬಿನ ದೊಡ್ಡ ಕುಳ ರಾವಸಾಹೇಬರು ತಮ್ಮ ಬಿಳಿ ಕಾರು ನಿಲ್ಲಿಸಿ ಇಳಿದು, ಗಾಡಿಯ ಸುತ್ತ ಎರಡು ಸುತ್ತು ಹಾಕಿ, ಹಿಣಿಲಿನ ಮೇಲೆ ಕೈಯಾಡಿಸಿ, “ಜಕ್ಕಪ್ಪಾ, ಚೊಲೊ ಆರಿಸೀದಿ ನೋಡು. ಇದರ ಜೋಡಿ ಎಲ್ಲೈತಿ?” ಎಂದು ಕೇಳಿದರು. ಕಿಲಾರಿಯನ್ನು ಒಂಟಿಯಾಗಿ ತರುವುದು ನಮ್ಮಲ್ಲಿ ಪದ್ಧತಿಯಿಲ್ಲ. ತಮ್ಮಲ್ಲಿ ಅದೇ ಬಣ್ಣದ, ಅದೇ ಕೋಡಿನ, ಎಡಗಡೆ ಹೂಡಲು ಬರುವ ಇನ್ನೊಂದು ಇದ್ದರೆ ದಯವಿಟ್ಟು ರಾವಸಾಹೇಬರ ಸಮಾಧಾನಕ್ಕಾಗಿ ಕಳಿಸಿಕೊಡಬೇಕು. ನಮ್ಮ ಮನೆಯ ಹುಂಜವೂ ಬಂದು ಸೈಲೆನ್ಸರಿನಲ್ಲಿ ತನ್ನ ಮುಖ ಕಂಡು ಮೊದಲು ಬೆರಗಾಗಿ, ಆಮೇಲೆ ಇದು ಬೇರೆ ಹುಂಜವೆಂದು ತಿಳಿದು ಅದನ್ನು ಕುಕ್ಕಲು ಶುರುಮಾಡಿತು. ಇಂದಿಗೂ ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ಕುಕ್ಕುತ್ತದೆ.

ದುಂಡವ್ವ ಮಾತ್ರ ತುಂಬಿದ ಕ್ಯಾನುಗಳನ್ನು ಕಟ್ಟೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. “ಅಲ್ರೀ, ನನ್ನ ಗಾಡಿ ಎಲ್ಲೈತ್ರಿ?” ಎಂದಳು. ಅದನ್ನೇ ಕೊಟ್ಟು ಇದನ್ನು ತಂದೆನೆಂದು ನಾನು ಬಹಳ ಸಡಗರದಿಂದ ಹೇಳಿದೆ. ಅವಳು ನಡೆದು ಹೋಗಿ ಗಾಡಿಯ ಹಿಂದೆ ನಿಂತಳು.

ಮಾನ್ಯರೇ, ಇಲ್ಲಿ ಕಸುಬಿನ ಒಂದು ಭೇದವನ್ನು ತಮಗೆ ತಿಳಿಸಬೇಕು. ಎತ್ತು ಕೊಳ್ಳುವವರು ಮುಂದೆ ನಿಂತು ನೋಡುತ್ತಾರೆ, ಎಮ್ಮೆ ಕೊಳ್ಳುವವರು ಹಿಂದೆ ನಿಂತು ನೋಡುತ್ತಾರೆ. ಎತ್ತಿಗೆ ಎದೆ ಮುಖ್ಯ, ಎಮ್ಮೆಗೆ ಕೆಚ್ಚಲು ಮುಖ್ಯ. ನಾನು ಜೀವಮಾನವಿಡೀ ಮುಂದೆ ನಿಂತವನು. ಎತ್ತಿನ ಬೆನ್ನ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಯಾರೂ ಹೋಗುವುದಿಲ್ಲವಾದ್ದರಿಂದ ತಮ್ಮ ಗಾಡಿಯ ಹಿಂಭಾಗದಲ್ಲಿ ಏನಿದೆ ಎಂದು ನೋಡುವ ಯೋಚನೆಯೇ ನನಗೆ ಬರಲಿಲ್ಲ. ದುಂಡವ್ವ ಜೀವಮಾನವಿಡೀ ಹಿಂದೆ ನಿಂತವಳು, ಅಲ್ಲಿ ಅವಳು ತಮ್ಮ ಹಿಂದಿನ ಸೀಟನ್ನು ಕಂಡಳು.

ಆ ಸೀಟಿನ ಬಗ್ಗೆ ಗೌರವಕ್ಕೆ ಚ್ಯುತಿ ಬಾರದಂತೆ ಬರೆಯಲು ಪ್ರಯತ್ನಿಸುತ್ತೇನೆ. ಅಳತೆಯಲ್ಲಿ ಅದು ನಮ್ಮ ಮನೆಯ ರೊಟ್ಟಿ ಬಡಿಯುವ ಮರದ ಕೊಣಮಿಗೆಗಿಂತ ಚಿಕ್ಕದು. ಮುಂದಿನ ಸೀಟಿಗಿಂತ ಗೇಣೆತ್ತರದಲ್ಲಿ, ಮಡ್‌ಗಾರ್ಡಿನ ಮೇಲೆ, ಇಳಿಜಾರಾಗಿ, ಯಾರೋ ಮರೆತು ಬಿಟ್ಟುಹೋದ ದಿಂಬು ಕೂತಂತೆ ಕೂತಿದೆ. ಮುಂದಿನ ಸವಾರ ಗಾದಿಯ ಮೇಲೆ ಒರಗಿದ ದೇಸಾಯಿಯಾದರೆ ಹಿಂದಿನ ಸವಾರ ಜಂತಿ ಹಿಡಿದು ನಿಂತ ಆಳು. ಸೀರೆ ಸಿಲುಕಬಾರದೆಂದು ಅಂಗೈಯಗಲದ ಒಂದು ಜಾಳಿಗೆ ಕೊಟ್ಟಿದ್ದೀರಿ, ಅದು ಕರವಸ್ತ್ರ ಸಿಲುಕದಂತೆ ಚೆನ್ನಾಗಿ ಕಾಪಾಡುತ್ತದೆ. ಕ್ಯಾನು ತೂಗುಹಾಕಲು ಒಂದು ಕೊಂಡಿಯೂ ಇಲ್ಲ.

“ಮುಂದ ನೋಡಿ ತಂದೀರಿ. ಹಿಂದ ಯಾರು ನೋಡಬೇಕ್ರಿ?” ಎಂದಳು ದುಂಡವ್ವ. “ಕ್ಯಾನ ಎಲ್ಲಿ ಹಾಕೂದು, ನಾ ಎಲ್ಲಿ ಕುಂಡ್ರೂದು?” ಉತ್ತರಕ್ಕೆ ಕಾಯದೆ ಕ್ಯಾನುಗಳನ್ನು ಎರಡೂ ಕೈಯಲ್ಲಿ ಹಿಡಿದು ಡೇರಿಗೆ ನಡೆದುಕೊಂಡು ಹೋದಳು.

ಮರುದಿನ ಅವಳ ಸಿಟ್ಟು ಇಳಿಸಬೇಕೆಂದು ಚಿಕ್ಕೋಡಿಗೆ ಕರೆದೊಯ್ಯಲು ಹೊರಟೆ. ಹತ್ತಿಸಲು ಒಂದು ಸ್ಟೂಲು ಬೇಕಾಯಿತು. ತಮ್ಮ ಗಾಡಿ ತನ್ನ ಪ್ರಸಿದ್ಧ ದನಿಯಲ್ಲಿ ಗುಡುಗಿತು, ನಾನು ಅದರ ನಡಿಗೆ, ಅದರ ಎದೆಗಾರಿಕೆ, ಕಬ್ಬಿನ ಟ್ರ್ಯಾಕ್ಟರುಗಳೂ ಅದಕ್ಕೆ ದಾರಿ ಬಿಡುವ ರೀತಿ ಎಲ್ಲವನ್ನೂ ಹಿಂದಕ್ಕೆ ಮುಖ ತಿರುಗಿಸದೆ ಅವಳಿಗೆ ವರ್ಣಿಸುತ್ತ ಹೋದೆ. ಅವಳು ಎದುರಾಡದೆ ಕೇಳುತ್ತಿದ್ದಾಳೆಂದು ಬಹಳ ಸಂತೋಷವಾಯಿತು. ಹತ್ತು ಕಿಲೋಮೀಟರ್ ಆದಮೇಲೆ ಎದುರಿನಿಂದ ಬಂದ ಒಬ್ಬರು, ಯಾರ ಜೊತೆ ಮಾತಾಡುತ್ತಿದ್ದೀರಿ ಎಂದು ಕೈಸನ್ನೆಯಲ್ಲಿ ಕೇಳಿದಾಗಲೇ ನಾನು ತಿರುಗಿ ನೋಡಿದ್ದು. ಊರ ಹೊರಗಿನ ಮೊದಲ ಉಬ್ಬಿನಲ್ಲಿ ನಾನು ವೇಗ ಇಳಿಸಿದಾಗ ಸೀಟು ಅವಳನ್ನು ಅರ್ಧ ಇಳಿಸಿತಂತೆ, ಉಳಿದರ್ಧ ಅವಳೇ ಇಳಿದಳಂತೆ. ನಿಲ್ಲಿಸಿ ಎಂದು ಕೂಗಿದ್ದು ತಮ್ಮ ಸೈಲೆನ್ಸರಿನ ಸೊಗಸಿನಲ್ಲಿ ನನಗೆ ಕೇಳಿಸಲಿಲ್ಲ. ಮರಳಿ ಬಂದು ನೋಡುವಷ್ಟರಲ್ಲಿ ಅವಳು ಮನೆ ಮುಟ್ಟಿ, ಚೀಲ ತುಂಬಿಕೊಂಡು, ಬಸ್ಸು ಹಿಡಿದು ತವರುಮನೆ ತೆಲಸಂಗಕ್ಕೆ ಹೊರಟಾಗಿತ್ತು.

ಆ ಸಂಜೆ ಎಮ್ಮೆಗಳು ನನಗೆ ಹಾಲು ಇಳಿಸಲಿಲ್ಲ. ನಾನು ಯಾರೆಂದು ಅವುಗಳಿಗೆ ಗೊತ್ತೇ ಇರಲಿಲ್ಲ ಎಂಬುದು ಆಗ ನನಗೆ ಗೊತ್ತಾಯಿತು. ಮನೆಯೊಳಗೆ ಹೋದರೆ ಯಾವ ಡಬ್ಬಿಯಲ್ಲಿ ಏನಿದೆ ಎಂದು ತಿಳಿಯದು, ಹೊರಗೆ ಬಂದರೆ ಗಾಡಿ ತನ್ನ ದೊಡ್ಡ ಕಣ್ಣಿನಿಂದ ನನ್ನನ್ನೇ ನೋಡುವುದು. ಅವಳಿಲ್ಲದ ಮನೆ ಬಿಕೋ ಎನ್ನುತ್ತಿತ್ತು. ನಾಚಿಕೆಯಾಯಿತು ಎಂದು ಬರೆಯಲು ನಾಚಿಕೆಪಡುವ ವಯಸ್ಸು ನನ್ನದಲ್ಲ, ನನಗೆ ಬಹಳ ನಾಚಿಕೆಯಾಯಿತು. ತೆಲಸಂಗದಲ್ಲಿರುವ ಅವಳ ತಮ್ಮ ಭೀಮಸಿಗೆ ಫೋನು ಮಾಡಿ, “ನಾಳೆ ಈ ಗಾಡಿ ತಿರುಗಿ ಕೊಟ್ಟು, ಆಕೀ ಗಾಡಿ ತರ್ತೇನಿ ಅಂತ ಹೇಳಪಾ” ಎಂದೆ.

ತಿರುಗಿ ಕೊಡುವ ಬಗ್ಗೆ ನನಗೆ ಯಾವ ಸಂಶಯವೂ ಇರಲಿಲ್ಲ. ನಮ್ಮ ಕಸುಬಿನಲ್ಲಿ ಕೊಂಡ ಎತ್ತನ್ನು ಮೂರು ದಿನ ಮನೆಯಲ್ಲಿ ಕಟ್ಟಿ ನೋಡುವ ರೂಢಿಯಿದೆ. ಹೂಡಿ ನೋಡಬೇಕು, ಮಲಗುತ್ತದೋ ಒದೆಯುತ್ತದೋ ಪರೀಕ್ಷಿಸಬೇಕು, ಮನೆಯವರಿಗೆ ಒಗ್ಗದಿದ್ದರೆ ಮೂರನೆಯ ದಿನ ಹಣೆಗೆ ಅರಿಶಿನ ಕುಂಕುಮ ಹಚ್ಚಿ, ಹೊಸ ಹಗ್ಗ ಕಟ್ಟಿ, ಮರ್ಯಾದೆಯಿಂದ ಮರಳಿಸಬೇಕು. ಮಾರಿದವನು ತಕರಾರಿಲ್ಲದೆ ಹಗ್ಗ ಹಿಡಿದುಕೊಳ್ಳುತ್ತಾನೆ. ಮರುದಿನ ತಮ್ಮ ಗಾಡಿಗೆ ಮೂರನೆಯ ದಿನ. ನಾನು ದೀಪದ ಗಾಜಿಗೆ ಅರಿಶಿನ ಕುಂಕುಮ ಹಚ್ಚಿ, ಹ್ಯಾಂಡಲಿಗೆ ಹೊಸ ಹಗ್ಗ ಕಟ್ಟಿ, ನಿಪ್ಪಾಣಿಯ ಶೋರೂಮಿನ ಬಾಗಿಲಿಗೆ ಕೊಂಡೊಯ್ದೆ.

ರೋಹನ ಓಡಿ ಬಂದು ಹಗ್ಗದ ತುದಿ ಹಿಡಿದರು. ಹಗ್ಗ ಹಿಡಿದರೆಂದರೆ ಒಪ್ಪಿದರೆಂದೇ ಅರ್ಥ. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಒಳಗಿನಿಂದ ಹಾರ ತಂದು ಹಾಕಿದರು, ನಿಪ್ಪಾಣಿಯಲ್ಲಿ ಮರಳಿಸಿದವರಿಗೂ ಎಷ್ಟು ಮರ್ಯಾದೆ ಎಂದುಕೊಂಡೆ. “ಜರಾ ನಗ್ರಿ ಕಾಕಾ” ಎಂದರು, ಮೂರು ದಿನದಲ್ಲಿ ಮೊದಲ ಸಲ ಬಾಯಿ ತುಂಬ ನಕ್ಕೆ, ಫೋಟೋ ತೆಗೆದರು. ಆಮೇಲೆ ನಾನು, ಇನ್ನು ನನ್ನ ಮೊಪೆಡ್ ಕೊಟ್ಟುಬಿಡಿ ಎಂದಾಗಲೇ ಅವರ ಮುಖ ಬದಲಾದದ್ದು. ಪೂಜೆ ಮಾಡಿಸಲು ಬಂದಿದ್ದೇನೆಂದು ಅವರು ತಿಳಿದಿದ್ದರು. ತಿರುಗಿ ಕೊಡುವ ಪದ್ಧತಿ ಕಂಪನಿಯಲ್ಲಿ ಇಲ್ಲವೆಂದೂ, ಮೊಪೆಡ್ಡನ್ನು ಕೊಲ್ಲಾಪುರದ ಕಡೆಯವರು ಯಾರೋ ಆಗಲೇ ಒಯ್ದರೆಂದೂ ಬಹಳ ನೊಂದುಕೊಂಡು ಹೇಳಿದರು. ಹಾರ ಹಾಕಿಕೊಂಡೇ ನಾನು ಅಂಕಲಿಗೆ ಮರಳಿದೆ.

ಇಷ್ಟರಲ್ಲೇ ಮುಗಿದಿದ್ದರೆ ನಾನು ಈ ಪತ್ರವನ್ನು ಬರೆಯುತ್ತಿರಲಿಲ್ಲ. ಆ ಫೋಟೋ ನಾಲ್ಕನೆಯ ದಿನ ಅಥಣಿಯಲ್ಲಿ, ತೆಲಸಂಗದ ಬಸ್ಸು ತಿರುಗುವ ರಸ್ತೆಯ ಬದಿಗೆ, ಹನ್ನೆರಡು ಅಡಿ ಫ್ಲೆಕ್ಸಾಗಿ ಎದ್ದು ನಿಂತಿತು. “ಮೂರೇ ದಿನಗಳಲ್ಲಿ ಮನಸ್ಸು ಗೆದ್ದ ಗಾಡಿ” ಎಂಬ ಬರಹದ ಕೆಳಗೆ ಹಾರ ಹಾಕಿಕೊಂಡ ನಾನು, ಪಕ್ಕದಲ್ಲಿ ಕುಂಕುಮ ಹಚ್ಚಿಕೊಂಡ ಅದು, ನಡುವೆ ಹೊಸ ಹಗ್ಗ. ನನ್ನ ಒಂದೊಂದು ಹಲ್ಲೂ ತೆಂಗಿನಕಾಯಿಯಷ್ಟು ದೊಡ್ಡದಾಗಿ ಕಾಣುತ್ತದೆ, ಪೇಟೆಯ ಯಾವ ದಲಾಲಿ ಬೇಕಾದರೂ ಬಸ್ಸಿನಲ್ಲಿ ಕೂತೇ ನನ್ನ ವಯಸ್ಸು ಹೇಳಬಹುದು. ಗಾಡಿ ಮರಳಿಸುತ್ತೇನೆಂದು ಮಾತು ಕೊಟ್ಟ ಗಂಡನ ಮುಖವನ್ನು, ಸಂತೆಗೆಂದು ಅಥಣಿಗೆ ಬಂದ ದುಂಡವ್ವ ಅಲ್ಲಿ ಕಂಡಳು. ಭೀಮಸಿಯ ಮೂಲಕ “ನಗಿಮಾರಿ ಚೊಲೊ ಬಂದೈತಿ ಅಂತ ಹೇಳು” ಎಂದು ಒಂದೇ ಮಾತು ಕಳಿಸಿದಳು.

ಆ ಮಾತು ಕೇಳಿದ ದಿನ ನಾನು ಊಟ ಮಾಡಲಿಲ್ಲ. ಹಳೆಯ ಚೀಟಿ ಪುಸ್ತಕ ತೆಗೆದು, ಹೋದ ಮೊಪೆಡ್ಡಿನ ಚೀಟಿ ಬರೆಯಲು ಕುಳಿತೆ. ಕೊಲ್ಲಾಪುರದ ಕಡೆ ಹೋಗುವ ಪರಿಚಯದ ವ್ಯಾಪಾರಿಗಳಿಗೆ ಕೊಟ್ಟರೆ ಹುಡುಕಬಹುದೆಂಬ ಆಸೆ. ಬಣ್ಣ ಒಂದು ಕಾಲಕ್ಕೆ ನೀಲಿ. ಎಡಗಡೆಯ ಕನ್ನಡಿ ಇಲ್ಲ. ಸೀಟಿನ ಹರಿದ ಭಾಗಕ್ಕೆ ಸಕ್ಕರೆ ಚೀಲದ ತೇಪೆ. ಎರಡೂ ಬದಿಗೆ ಕ್ಯಾನು ತಿಕ್ಕಿ ಬಿಳಿಚಿದ ಕಲೆ. ಹಾರ್ನು ಬರೀ ಒತ್ತಿದರೆ ಬಡಿಯದು, ಗುದ್ದಿದರೆ ಬಡಿಯುತ್ತದೆ. ಮಾಲೀಕರ ಹೆಸರು ಎಂಬ ಕಡೆ ಬಂದಾಗ ಪೆನ್ನು ನಿಂತಿತು. ಮೂವತ್ತೊಂದು ವರ್ಷ ಊರವರ ಎತ್ತುಗಳಿಗೆ ಮಾಲೀಕರ ಹೆಸರನ್ನು ಒಂದಕ್ಷರ ತಪ್ಪದಂತೆ ಬರೆದವನು, ಮನೆಯೊಳಗಿನ ಒಂದು ಗಾಡಿಗೆ ತಪ್ಪು ಹೆಸರಿದ್ದದ್ದನ್ನು ಹದಿನಾಲ್ಕು ವರ್ಷ ಗಮನಿಸಿರಲಿಲ್ಲ. ದುಂಡವ್ವ ಎಂದು ಬರೆದು ಸಹಿ ಹಾಕಿ, ಒಂದು ಪ್ರತಿಯನ್ನು ತೆಲಸಂಗಕ್ಕೂ ಕಳಿಸಿದೆ. ತಪ್ಪಾಯಿತು ಎಂದು ಬೇರೆ ಬರೆಯಲಿಲ್ಲ, ಚೀಟಿಯಲ್ಲಿ ಅದಕ್ಕೆ ಜಾಗವಿರುವುದಿಲ್ಲ.

ಅವಳು ಹೋದ ಹನ್ನೆರಡನೆಯ ದಿನ ಮಧ್ಯಾಹ್ನ ಕೃಷ್ಣೆಯ ಸೇತುವೆ ದಾಟಿ ಒಂದು ಬೈಕು ಬಂದು ನಮ್ಮ ಅಂಗಳದಲ್ಲಿ ನಿಂತಿತು. ಬೈಕು ಭೀಮಸಿಯದು, ಆದರೆ ಭೀಮಸಿ ಹಿಂದೆ ಕುಳಿತಿದ್ದ. ಮುಂದೆ ಕುಳಿತು ಗೇರು ಹಾಕಿ ಬ್ರೇಕು ಒತ್ತಿ ನಿಲ್ಲಿಸಿದವಳು ದುಂಡವ್ವ. ತವರಿನಲ್ಲಿ ಅವಳು ಮುನಿಸಿಕೊಂಡು ಕುಳಿತಿದ್ದಾಳೆಂದು ನಾನು ತಿಳಿದಿದ್ದೆ. ಅವಳು ದಿನಾ ಬೆಳಿಗ್ಗೆ ಪಕ್ಕದೂರು ಐಗಳಿಯವರೆಗೆ ಹೋಗಿ ಬರುತ್ತ ಗೇರು ಕಲಿಯುತ್ತಿದ್ದಳಂತೆ.

ಇಳಿದವಳು ನೇರವಾಗಿ ತಮ್ಮ ಗಾಡಿಯ ಬಳಿ ಹೋಗಿ ಈ ಸಲ ಮುಂದೆ ನಿಂತು ನೋಡಿದಳು. ಆಮೇಲೆ ಮುಂದಿನ ಸೀಟಿನ ಮೇಲೆ ಕುಳಿತಳು. ಮಾನ್ಯರೇ, ತಾವು ಆ ಸೀಟನ್ನು ಯಾರಿಗಾಗಿ ಅಷ್ಟು ತಗ್ಗಿಗೆ ಇಟ್ಟಿರಿ ಎಂಬುದು ನನಗೆ ಅಂದು ಅರ್ಥವಾಯಿತು. ಆರಡಿಯ ನಾನು ಕುಳಿತರೆ ಮೊಣಕಾಲು ಮೊಣಕೈಗೆ ತಾಗುತ್ತದೆ. ಐದಡಿಗೂ ಎರಡು ಬೆರಳು ಕಡಿಮೆಯಿರುವ ದುಂಡವ್ವ ಕುಳಿತರೆ ಎರಡೂ ಪಾದಗಳು ನೆಲದ ಮೇಲೆ ಸರಿಯಾಗಿ ಊರಿದವು, ಹಿಂದಕ್ಕೆ ಬಾಗಿದ ಕೋಡುಗಳು ತಾವಾಗಿ ಬಂದು ಅವಳ ಕೈಗೆ ಸಿಕ್ಕವು. ಇಷ್ಟು ಭಾರದ ಗಾಡಿ ಅವಳ ಕೈಗೆ ನಿಂತೀತೇ ಎಂದು ಭೀಮಸಿ ಕೇಳಿದ. ಈಯಲು ಬಂದ ಎಮ್ಮೆಯನ್ನು ಒಬ್ಬಳೇ ಹಿಡಿದು ನಿಂತವಳು ಕೀಲಿ ತಿರುಗಿಸಿದಳು. ಗಾಡಿ ಗುಡುಗಿತು, ಅಂಗಳ ಒಂದು ಸುತ್ತು ಹಾಕಿ ಬಂದಳು, ಇಳಿಯದೆ ಸೆರಗಿನ ಗಂಟಿನಿಂದ ನಾನು ಕಳಿಸಿದ ಚೀಟಿ ತೆಗೆದು ನನ್ನ ಮುಂದೆ ಹಿಡಿದಳು. “ಹೋದದ್ದು ಸಿಗೂದಿಲ್ಲ ಬಿಡ್ರಿ. ಇದಕ್ಕೂ ಹಿಂಗ ಒಂದು ಬರೀರಿ” ಎಂದಳು.

ಬರೆದೆ. ಬಣ್ಣ ಕಪ್ಪು, ಕೋಡು ಸಮ, ಕಣ್ಣು ಒಂದು, ಮಾಲೀಕರು ದುಂಡವ್ವ. ಆಮೇಲೆ ಚಿಕ್ಕೋಡಿಯಲ್ಲಿ ಸರಕಾರಿ ಕಾಗದಕ್ಕೂ ಅರ್ಜಿ ಕೊಟ್ಟಿದ್ದೇವೆ. ನಮ್ಮ ಊರಿನ ವೆಲ್ಡಿಂಗಿನ ಗುರಪ್ಪ ಎರಡು ಬದಿಗೂ ಕಬ್ಬಿಣದ ಕೊಂಡಿ ಬೆಸೆದು ಕ್ಯಾನು ತೂಗುವ ವ್ಯವಸ್ಥೆ ಮಾಡಿದ. ತಮ್ಮ ಬೆಳ್ಳಿಯ ಮೆರುಗಿಗೆ ಅಲ್ಲಲ್ಲಿ ಪೆಟ್ಟಾಗಿದೆ, ಹಳೆಯದರಂತೆ ಕಾಣಬೇಕೆಂಬುದು ತಮ್ಮದೇ ಉದ್ದೇಶವಾದ್ದರಿಂದ ತಾವು ಬೇಸರಿಸಲಾರಿರಿ.

ಈಗ ನನ್ನ ಅಹವಾಲು. ಗೇರಿನ ಗಾಡಿಗೆ ದುಂಡವ್ವನದು ಇನ್ನೂ ಕಲಿಯುವವರ ಲೈಸನ್ಸು, ದೀಪದ ಕೆಳಗೆ ಕೆಂಪು ಅಕ್ಷರದ ಹಲಗೆ ಕಟ್ಟಿದ್ದೇವೆ. ಅಂಥವರ ಹಿಂದೆ ಲೈಸನ್ಸ್ ಇದ್ದವರು ಕಲಿಸುವವರಾಗಿ ಕೂರಬೇಕಂತೆ. ಮನೆಯಲ್ಲಿ ಗೇರಿನ ಲೈಸನ್ಸ್ ಇರುವವನು ನಾನೊಬ್ಬನೇ. ಆದಕಾರಣ ದಿನಕ್ಕೆರಡು ಸಲ, ಆರಡಿಯ ನಾನು, ಆ ಕೊಣಮಿಗೆಗಿಂತ ಚಿಕ್ಕ ಸೀಟಿನ ಮೇಲೆ, ಎಡಗೈಯಲ್ಲಿ ಒಂದು ಕ್ಯಾನಿನ ಮುಚ್ಚಳ, ಬಲಗೈಯಲ್ಲಿ ಇನ್ನೊಂದರ ಮುಚ್ಚಳ ಹಿಡಿದು, ಹಿಡಿದುಕೊಳ್ಳಲು ಬೇರೆ ಏನೂ ಇಲ್ಲದೆ, ಎಲ್ಲರಿಗೂ ಕಾಣುವಷ್ಟು ಎತ್ತರದಲ್ಲಿ ಕುಳಿತು ಡೇರಿಗೆ ಹೋಗುತ್ತಿದ್ದೇನೆ. ಉಬ್ಬು ಬಂದಾಗ ಅವಳು ನಿಧಾನ ಮಾಡುತ್ತಾಳೆ, ಮನಸ್ಸಿದ್ದ ದಿನ. ರಾವಸಾಹೇಬರು ಕಾರಿನ ಗಾಜು ಇಳಿಸಿ, ಜೋಡಿ ಸಿಕ್ಕಿತು ಎನ್ನುತ್ತಾರೆ.

ಆದ್ದರಿಂದ ತಾವು ದಯಮಾಡಿ ಹಿಂದಿನ ಸೀಟನ್ನು ಒಬ್ಬ ಪೂರ್ಣ ಪ್ರಮಾಣದ ಮನುಷ್ಯ ಕೂರುವಂತೆ ಅಗಲಿಸಿ, ಬೆನ್ನಿಗೊಂದು ಆಸರೆ ಕೊಟ್ಟು, ಮೊಣಕಾಲು ಇಡಲು ಜಾಗ ಮಾಡಿ, ನಮ್ಮ ಊರಿಗೆ ಕಳಿಸಿಕೊಡಬೇಕು. ತಮ್ಮ ವಿಭಾಗದಲ್ಲಿ ಗಾಡಿಯನ್ನು ಮುಂದಿನಿಂದ ನೋಡುವವರು ಬೇಕಾದಷ್ಟಿದ್ದಾರೆಂದು ಕಾಣುತ್ತದೆ. ಹಿಂದಿನಿಂದ ನೋಡಲು ಎಮ್ಮೆ ಕಟ್ಟಿದ ಒಬ್ಬ ಹೆಂಗಸನ್ನು ನೇಮಿಸಿಕೊಳ್ಳಬೇಕು. ಸೈಲೆನ್ಸರಿಗೆ, ಹಿಂದಿನವರು ಕೂಗಿದಾಗ ಮಾತ್ರ ಬಾಯಿ ಮುಚ್ಚಿಕೊಳ್ಳುವ ಗುಣ ಕಲಿಸಬೇಕು. ಮೂರು ದಿನ ಕಟ್ಟಿ ನೋಡುವ ಪದ್ಧತಿಯನ್ನು ಎಲ್ಲ ಶೋರೂಮುಗಳಲ್ಲೂ ಜಾರಿಗೆ ತರಬೇಕು, ಹಗ್ಗ ನಾವೇ ತರುತ್ತೇವೆ. ಅಥಣಿಯ ಫ್ಲೆಕ್ಸನ್ನು ಇಳಿಸಬೇಕು. ಇಳಿಸಲು ಆಗದಿದ್ದರೆ ನನ್ನ ಬಾಯಿಯನ್ನಾದರೂ ಮುಚ್ಚಿಸಬೇಕು.

ಅಂದಚೆಂದದ ಬಗ್ಗೆ ತಾವು ಕೇಳಿದ ಅಂಕಗಳನ್ನು ನಾನು ಇನ್ನೂ ಕೊಟ್ಟಿಲ್ಲ. ನನಗೆ ಈಗ ಅದರ ಕೋಡು ಕಾಣುವುದಿಲ್ಲ, ಕಣ್ಣು ಕಾಣುವುದಿಲ್ಲ, ಹಿಣಿಲೂ ಕಾಣುವುದಿಲ್ಲ. ನಾನು ಕೂರುವ ಜಾಗದಿಂದ ಕಾಣುವುದು ದುಂಡವ್ವನ ಬೆನ್ನು ಮತ್ತು ಹೆಲ್ಮೆಟ್ಟಿನ ಕೆಳಗೆ ತೂಗುವ ಅವಳ ಜಡೆ ಮಾತ್ರ. ಮದುವೆಯಾಗಿ ಇಪ್ಪತ್ತೆಂಟು ವರ್ಷಗಳಲ್ಲಿ ಅವಳು ಇಷ್ಟು ನೆಟ್ಟಗೆ ಕುಳಿತದ್ದನ್ನು ನಾನು ನೋಡಿರಲಿಲ್ಲ, ನೋಡಿದರೆ ಸಂತೋಷವಾಗುತ್ತದೆ. ಅದು ತಮ್ಮ ವಿನ್ಯಾಸದಲ್ಲಿ ಸೇರುತ್ತದೋ ಇಲ್ಲವೋ ತಿಳಿಯದು.

ಉತ್ತರದ ನಿರೀಕ್ಷೆಯಲ್ಲಿ, ಕುಳಿತು ಅಲ್ಲ, ನಿಂತು ಬರೆದ,

ತಮ್ಮ ವಿಶ್ವಾಸಿ,
ಜಕ್ಕಪ್ಪ, ನಿವೃತ್ತ ಚೀಟಿ ಬರಹಗಾರ, ಹಾಲಿ ಹಿಂದಿನ ಸವಾರ,
ಅಂಕಲಿ, ಚಿಕ್ಕೋಡಿ ತಾಲೂಕು.

ತಾ.ಕ.: ಈ ಪತ್ರವನ್ನು ಲಕೋಟೆಗೆ ಹಾಕುವಾಗ ತಮ್ಮ ಕಂಪನಿಯ ಆ ಹೆಣ್ಣುಮಗಳು ಮತ್ತೆ ಫೋನು ಮಾಡಿದ್ದರು. ನಾನು ಕನ್ನಡಕ ಹುಡುಕುತ್ತಿದ್ದೆ, ದುಂಡವ್ವ ಎತ್ತಿಕೊಂಡಳು. ಅಂದಕ್ಕೂ ಆಕರ್ಷಣೆಗೂ ಎಷ್ಟು ಅಂಕ ಎಂಬ ಪ್ರಶ್ನೆಗೆ ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. “ಮುಂದಿನ ಸೀಟಿಗೆ ಐದಕ್ಕ ಐದೂ ಬರ್ಕೋರಿ. ಹಿಂದಿನ ಸೀಟಿಂದು ನಮ್ಮನಿಯವ್ರನ್ನ ಕೇಳ್ರಿ” ಎಂದು ಫೋನನ್ನು ನನ್ನ ಕೈಗೆ ಕೊಟ್ಟು, ಗಾಡಿಯ ಕೀಲಿ ತೆಗೆದುಕೊಂಡು ಹೊರಗೆ ಹೋದಳು.